ಬಿಸಿಲಿಗಿಟ್ಟ ಫರ್ಸಿ

ಫೆಬ್ರುವರಿ 5, ಬುಧವಾರ

ನೋವು ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಶುರುವಾಯಿತು. ಹನ್ನೊಂದರ ಹೊತ್ತಿಗೆ ಕಿಬ್ಬೊಟ್ಟೆಯಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ ಇಳಿದಿತ್ತು. ಹನ್ನೊಂದೂಕಾಲಿಗೆ ನಾನು ತಪ್ಪು ಮಾಡಿದೆ.

ಲಾರಿ ತೂಗುವ ಕಾಟಾದ ಮೇಲೆ ನಿಂತಿದ್ದ ಖಾಲಿ ಲಾರಿಯ ತೂಕ 9,840 ಕಿಲೋ ಎಂದು ಕೆಂಪು ಅಂಕಿಗಳು ತೋರಿಸುತ್ತಿದ್ದವು. ನಾನು 8,940 ಎಂದು ಒತ್ತಿದೆ. ಲಾರಿ ನೆಲಹಾಸಿನ ಫರ್ಸಿ ಕಲ್ಲು ತುಂಬಿಕೊಂಡು ಮತ್ತೆ ತೂಕಕ್ಕೆ ಬಂದಾಗ, ಇಲ್ಲದ ಒಂಬೈನೂರು ಕಿಲೋ ಕಲ್ಲು ಚೀಟಿಯಲ್ಲಿ ಸೇರಿಕೊಂಡಿತು. ಡ್ರೈವರ್ ಅಬ್ರಾರ ಗೇಟಿನ ತನಕ ಹೋದವನು ಚೀಟಿ ಹಿಡಿದು ವಾಪಸ್ ಬಂದ.

"ಮೇಡಂ, ನನ್ನ ಗಾಡಿ ಇಷ್ಟ್ಯಾಕ ಸೊರಗ್ಯಾದರಿ? ನಾ ಏನ್ ಅದಕ್ಕ ಉಪವಾಸ ಕೆಡವಿಲ್ಲ."

ಅವನು ತಮಾಷೆಗೆ ಹೇಳಿದ್ದು. ಸೂಪರ್‌ವೈಸರ್ ಸಿದ್ಧಲಿಂಗ ಕೇಳಿಸಿಕೊಂಡರು. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು, ನನ್ನನ್ನು ನೋಡದೆ ಕಂಪ್ಯೂಟರನ್ನು ನೋಡುತ್ತ ಮಾತಾಡಿದರು.

"ಹೋದ ತಿಂಗಳ ರಜಾ. ಅದರ ಹಿಂದಿನ ತಿಂಗಳ ಅರ್ಧಾ ದಿನ. ಈಗ ಇದು. ಮಾಲಕರು ನನ್ನ ಕೇಳ್ತಾರರಿ ಮೇಡಂ. ಇನ್ನೊಮ್ಮಿ ಹಿಂಗಾದ್ರ ಕಾಟಾದಾಗ ಬ್ಯಾರೆಯವರನ್ನ ಕುಂಡ್ರಸ್ತಾರ. ಏನರ ತ್ರಾಸ ಅದೇನು?"

"ಏನೂ ಇಲ್ಲರಿ" ಎಂದೆ.

ವಾಡಿಯಿಂದ ರಾವೂರಿಗೆ ಹೋಗುವ ದಾರಿಯ ಈ ಪಾಲಿಶ್ ಯಾರ್ಡಿನಲ್ಲಿ ನನಗೆ ಮೂರು ವರ್ಷ. ಮೂರು ಕಡೆ ಗಾಜಿರುವ ಕ್ಯಾಬಿನ್, ಒಂದು ಕುರ್ಚಿ, ಎರಡು ಲಾರಿಗಳ ನಡುವೆ ಓದಲು ಸಿಗುವ ಏಳೆಂಟು ನಿಮಿಷ. ಇದು ಹೋದರೆ ನನಗೆ ಉಳಿಯುವುದು ಮನೆಯ ಎರಡು ಕೋಣೆ.

ಸಂಜೆ ಏಳಕ್ಕೆ ಮಾತ್ರೆ ನುಂಗಿದೆ. ತಡೆಯಲಾಗದಾಗ ಮಾತ್ರ ಮಾತ್ರೆ ಎನ್ನುವುದು ಅಮ್ಮಿ ಮಾಡಿಟ್ಟ ನಿಯಮ. ಎಂಟೂವರೆಗೂ ನೋವು ಹಾಗೆಯೇ ಇತ್ತು. ಈ ಮಾತ್ರೆಯಲ್ಲಿ ಗುಣವಿಲ್ಲ.


ಫೆಬ್ರುವರಿ 9, ಭಾನುವಾರ

ಹಿಮ ಬೀಳುವ ದೇಶದ ದಪ್ಪ ಕಾದಂಬರಿಯಲ್ಲಿ ಮುನ್ನೂರ ಹನ್ನೆರಡನೇ ಪುಟಕ್ಕೆ ಬಂದೆ. ಅನುವಾದ ಚೆನ್ನಾಗಿದೆ, ಅನುವಾದಕಿ ಎಲ್ಲೂ ತಾನು ಕಾಣಿಸಿಕೊಳ್ಳುವುದಿಲ್ಲ. ನಾಯಕಿಯ ಹಲ್ಲುನೋವಿಗೆ ಮೂರು ಪುಟ. ಅವಳ ಗಂಡನ ಮಂಡಿನೋವಿಗೆ ಒಂದು ಇಡೀ ಅಧ್ಯಾಯ. ಕಥೆ ನಡೆಯುವುದು ಹದಿನೇಳು ವರ್ಷ. ಅಷ್ಟರಲ್ಲಿ ಅವಳು ಇನ್ನೂರಕ್ಕೂ ಹೆಚ್ಚು ಸಲ ಮುಟ್ಟಾಗಿರಬೇಕು. ಒಂದು ಸಲವೂ ಇಲ್ಲ. ಮೂಲದಲ್ಲೇ ಇಲ್ಲವೋ, ಅನುವಾದದ ದಾರಿಯಲ್ಲಿ ಬಿದ್ದುಹೋಯಿತೋ ತಿಳಿಯುವ ಉಪಾಯವಿಲ್ಲ.

ನನ್ನದು ಇಪ್ಪತ್ತಾರು ದಿನದ ಲೆಕ್ಕ, ತಪ್ಪುವುದಿಲ್ಲ. ಮುಂದಿನದು ಮಾರ್ಚ್ 3. ರಂಜಾನ್ ಶುರುವಾಗಿರುತ್ತದೆ.


ಮಾರ್ಚ್ 2, ಭಾನುವಾರ

ಮೊದಲ ರೋಜಾ. ಬೆಳಗಿನ ಜಾವದ ಸಹರಿ ಊಟಕ್ಕೆ ಎದ್ದು ಎರಡು ತಾಟು ಇಟ್ಟೆ, ಅಬ್ಬಾಗೊಂದು, ನನಗೊಂದು. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಇಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಬರೆಯುವುದರಿಂದ ಅಬ್ಬಾನ ಪ್ರತಿ ಮಾತೂ ನನ್ನ ಅನುವಾದ. ಅನುವಾದಿಸಲು ಹೆಚ್ಚೇನೂ ಇರುವುದಿಲ್ಲ. ನಲವತ್ತು ವರ್ಷ ಫರ್ಸಿಯ ಅಂಚು ಉಜ್ಜಿದ ಅಬ್ಬಾಗೆ ಈಗ ಎರಡು ವಾಕ್ಯ ಆಡಿದರೆ ಕೆಮ್ಮು ಬರುತ್ತದೆ.

ಮುಟ್ಟಾದವರಿಗೆ ರೋಜಾದ ಉಪವಾಸ ಇಲ್ಲ. ಬಿಟ್ಟ ದಿನಗಳನ್ನು ಆಮೇಲೆ ಎಣಿಸಿ ಹಿಡಿಯಬೇಕು. ಇದು ಎಲ್ಲರಿಗೂ ಗೊತ್ತು. ಆದರೂ ಅಮ್ಮಿ ಆ ದಿನಗಳಲ್ಲಿ ಸಹರಿಗೆ ಎದ್ದು ತಾಟಿನ ಮುಂದೆ ಕೂರುತ್ತಿದ್ದಳು. ಇಡೀ ಹಗಲು ಗಂಡಸರ ಮುಂದೆ ಒಣ ತುಟಿಯಲ್ಲಿ ಓಡಾಡುತ್ತಿದ್ದಳು. ಮಧ್ಯಾಹ್ನ ಅಡುಗೆಮನೆಯ ಬಾಗಿಲ ಹಿಂದೆ ಕೂತು, ತಲೆಯ ಮೇಲಿನ ಓಢಣಿಯನ್ನು ಮುಖದ ಮುಂದಕ್ಕೆ ಎಳೆದುಕೊಂಡು ಸದ್ದಿಲ್ಲದೆ ತಿನ್ನುತ್ತಿದ್ದಳು. ಹದಿಮೂರನೇ ವಯಸ್ಸಿಗೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ರೊಟ್ಟಿ ಮುರಿದರೆ ಸದ್ದಾಗುತ್ತದೆ, ಅದಕ್ಕೇ ಅನ್ನ. ಒಂದೇ ಓಢಣಿಯೊಳಗೆ ಇಬ್ಬರೂ ನಗು ತಡೆದುಕೊಳ್ಳುತ್ತಿದ್ದೆವು.

ಅಮ್ಮಿ ಹೋಗಿ ಆರು ವರ್ಷವಾಯಿತು.


ಮಾರ್ಚ್ 3, ಸೋಮವಾರ

ಹತ್ತು ಗಂಟೆ ಐದು ನಿಮಿಷಕ್ಕೆ ಶುರು.

ಯಾರ್ಡಿನಲ್ಲಿ ಎಲ್ಲರ ಲೆಕ್ಕಕ್ಕೆ ನಾನು ರೋಜಾ ಇದ್ದೇನೆ. ಡ್ರೈವರುಗಳು ಚಹಾದ ಕಪ್ಪು ಹಿಡಿದು ಕ್ಯಾಬಿನ್ನಿನತ್ತ ಬರುವವರು ದಾರಿಯಲ್ಲೇ ನೆನಪಾಗಿ ಬೆನ್ನು ತಿರುಗಿಸುತ್ತಿದ್ದರು. ಸಿದ್ಧಲಿಂಗ ಪಾಲಿಶ್ ಶೆಡ್ಡಿನ ಹಿಂದೆ ಹೋಗಿ ಕುಡಿದು, ಮೀಸೆ ಒರೆಸಿಕೊಂಡು ಬಂದರು. "ನಮ್ಮ ಮೇಡಂ ರೋಜಾ ಅದಾರ, ಅಲ್ಲಿ ಬಾಯಿ ಆಡಸಬ್ಯಾಡ್ರಿ" ಎಂದು ಹೊಸಬನೊಬ್ಬನಿಗೆ ಗದರಿದ್ದೂ ಕೇಳಿಸಿತು. ಚೀಲದಲ್ಲಿ ಮಾತ್ರೆ ಇತ್ತು, ನೀರಿನ ಬಾಟಲಿ ಇತ್ತು. ಸುತ್ತ ಗಾಜು.

ಪ್ರತಿ ಅಂಕಿಯನ್ನು ಬಾಯಿಬಿಟ್ಟು ಓದಿ, ಬೆರಳಿಟ್ಟು ಒತ್ತಿ, ಮತ್ತೆ ಓದಿದೆ. ಹನ್ನೆರಡರ ಹೊತ್ತಿಗೆ ಕಾಟಾ ಖಾಲಿಯಿತ್ತು. ಕ್ಯಾಬಿನ್ನಿನ ನೆಲದ ಮೇಲೆ ಮೊಣಕಾಲು ಮಡಚಿ ಮಲಗಿದೆ. ಹನ್ನೊಂದು ನಿಮಿಷ. ಬಾಗಿಲು ತೆರೆದವಳು ಅಮೃತಮ್ಮ, ಮಷೀನಿನ ಕೆಳಗಿನ ಕಲ್ಲಿನ ಕೆಸರು ಬಳಿಯುವವಳು. ಇಲ್ಲಿಯ ತನಕ ನಾನೂ ಅವಳೂ ತಲೆಯಾಡಿಸಿದ್ದು ಬಿಟ್ಟರೆ ಮಾತಿಲ್ಲ.

"ಯಾಕ ಯವ್ವಾ?"

"ರೋಜಾ ಇದ್ದೀನಿ. ನಿತ್ರಾಣ."

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಅಳೆದಳು. "ರೋಜಾ ಇದ್ದವರು ತುಟಿ ಒಣಗಿಸ್ಕೊಂಡು ಕುಂದ್ರತಾರ. ಹಿಂಗ ಹೊಟ್ಟಿ ಹಿಡ್ಕೊಂಡು ಮಲಗಂಗಿಲ್ಲ. ನಿಂದು ಬ್ಯಾರೆ ಅದ."

ಅವಳು ಹೊರಗೆ ಹೋಗಿ ಒಂದು ಫರ್ಸಿ ತುಂಡು ತಂದಳು. ಒಂದು ಗೇಣಿನಷ್ಟು, ಬೂದು ಬಣ್ಣ, ನಡುವೆ ಒಂದು ಬಿಳಿ ಗೆರೆ. ಬೆಳಗಿನಿಂದ ಬಿಸಿಲಲ್ಲಿ ಬಿದ್ದದ್ದು. ತನ್ನ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಅದರಲ್ಲಿ ಸುತ್ತಿ ನನ್ನ ಕಿಬ್ಬೊಟ್ಟೆಯ ಮೇಲಿಟ್ಟಳು.

"ಖಣಿಯಾಗ ನಾವೆಲ್ಲಾ ಹಿಂಗ ಮಾಡ್ತಿದ್ದಿವಿ. ಕಲ್ಲ ಒಡಿಯೋದು, ಅದ ಕಲ್ಲ ಹೊಟ್ಟಿಗಿ ಇಟ್ಕೊಳ್ಳೋದು. ಮತ್ತೇನ್ ಇತ್ತು ಅಲ್ಲಿ?"

ಇಪ್ಪತ್ತು ನಿಮಿಷ ನೋವು ಸಡಿಲಾಯಿತು. ಆಮೇಲೆ ಲಾರಿಯ ಹಾರ್ನ್ ಕೇಳಿಸಿತು.

ತಪ್ಪಿಲ್ಲದೆ ದಿನ ಮುಗಿಯಿತು. ಇಫ್ತಾರಿನಲ್ಲಿ ಒಂದು ಖರ್ಜೂರ, ನೀರು, ಮಾತ್ರೆ. ಖಾಲಿ ಹೊಟ್ಟೆಗೆ ಬಿದ್ದ ಮಾತ್ರೆ ನಿಲ್ಲಲಿಲ್ಲ, ವಾಂತಿಯಾಯಿತು.

"ಮೊದಲ ರೋಜಾಗಳು ಗಟ್ಟಿ ಇರ್ತಾವ ಬೇಟಾ" ಎಂದರು ಅಬ್ಬಾ.

"ಹೌದು ಅಬ್ಬಾ."

ಹೊಟ್ಟೆಯ ಮೇಲೆ ಕಲ್ಲಿನ ಮೂಲೆ ಗೀರಿದ ಗುರುತಿದೆ. ಟವೆಲ್ ದಾಟಿ ತಾಗಿದೆ.


ಮಾರ್ಚ್ 4

ಓದಲಿಲ್ಲ.


ಮಾರ್ಚ್ 6, ಗುರುವಾರ

ಮನೆಯಲ್ಲಿ ಬಾಗಿಲ ಹಿಂದೆ ಕೂತು ಅನ್ನ ತಿಂದು ಹೊರಟೆ. ಓಢಣಿಯೊಳಗೆ ಒಬ್ಬಳಿಗೆ ಬಹಳ ಜಾಗವಿರುತ್ತದೆ.

ಟವೆಲ್ ಒಗೆದು ಹಿಂದಿರುಗಿಸಿದೆ. ಅಮೃತಮ್ಮ ಅದನ್ನು ಮೂಸಿ ನೋಡಿ, "ಸಾಬೂನ ವಾಸನಿ ಬರಲಿಕತ್ತದ. ಇನ್ನ ನನ್ನ ತಲಿಗಿ ಒಗ್ಗಂಗಿಲ್ಲ ಇದು" ಎಂದಳು. ಆಮೇಲೆ, "ನಮ್ಮ ಸೊಸಿಗಿ ಹಿಂಗೇ ಇತ್ತು. ಚಿತ್ತಾಪುರದಾಗ ಸುಜಾತಾ ಡಾಕ್ಟರ್ ಅದಾರ, ಬಟ್ಟಿ ಅಂಗಡಿ ಮ್ಯಾಲ. ಹೋಗಿ ಬಾ" ಎಂದಳು.

"ಇದಕ್ಯಾರು ಡಾಕ್ಟರ್ ಹತ್ರ ಹೋಗ್ತಾರ?"

"ನಮ್ಮ ಸೊಸಿ ಹೋದಳಲ್ಲ. ಆಕಿ ಏನ್ ಮಂದಿ ಅಲ್ಲೇನು?"


ಮಾರ್ಚ್ 16, ಭಾನುವಾರ

ಚಿತ್ತಾಪುರಕ್ಕೆ ಹೋಗಿ ಬಂದೆ. ಅಬ್ಬಾಗೆ ಪುಸ್ತಕ ತರಲು ಎಂದು ಹೇಳಿದ್ದೆ. ಹೇಳಿದ್ದು ಸುಳ್ಳಾಗಬಾರದೆಂದು ಬಸ್ ನಿಲ್ದಾಣದ ಅಂಗಡಿಯಲ್ಲಿ ಒಂದು ಪುಸ್ತಕವನ್ನೂ ಕೊಂಡೆ. ಅಡುಗೆಯದು. ಬೇರೇನೂ ಇರಲಿಲ್ಲ.

ಈ ದಿನಚರಿಯಲ್ಲಿದ್ದ ಹದಿನಾಲ್ಕು ತಿಂಗಳ ಟಿಪ್ಪಣಿಯನ್ನು ಒಂದು ಹಾಳೆಗೆ ಇಳಿಸಿಕೊಂಡು ಹೋಗಿದ್ದೆ. ಯಾವ ದಿನ, ಎಷ್ಟು ಹೊತ್ತಿಗೆ ಶುರು, ಎಲ್ಲಿಂದ ಎಲ್ಲಿಗೆ, ಯಾವಾಗ ಮಾತ್ರೆ. ಬಾಯಲ್ಲಿ ಹೇಳಬೇಕಾಗುವುದಿಲ್ಲ ಎಂಬ ಯೋಚನೆ. ಡಾಕ್ಟರ್ ಸುಜಾತಾ ಐವತ್ತರ ಆಸುಪಾಸಿನವರು. ಕನ್ನಡಕ ಹಣೆಗೇರಿಸಿ ಹಾಳೆಯನ್ನು ಪೂರ್ತಿ ಓದಿದರು.

"ಇಷ್ಟೆಲ್ಲಾ ಬರದಿಟ್ಟಿಯಲ್ಲ, ಯಾರಿಗಿ ತೋರಿಸಿದಿ?"

"ಯಾರಿಗೂ ಇಲ್ಲರಿ."

ಬೇರೆ ದಿನಗಳಲ್ಲಿ ನೋವಿದೆಯೇ, ರಕ್ತಸ್ರಾವ ಎಷ್ಟು ದಿನ, ಹೆಪ್ಪುಗಟ್ಟಿ ಹೋಗುತ್ತದೆಯೇ, ಶೌಚಕ್ಕೆ ಹೋದಾಗ ನೋವೇ, ಅಸ್ತಮಾ ಅಥವಾ ಹೊಟ್ಟೆಹುಣ್ಣು ಇದೆಯೇ ಎಂದು ಕೇಳಿದರು. ಹೌದು, ಇಲ್ಲ ಎಂದು ಉತ್ತರಿಸಿದೆ. ಹೊಟ್ಟೆ ಒತ್ತಿ ನೋಡಿದರು.

"ಗರ್ಭಕೋಶ ಅಂದ್ರ ಒಂದು ಸ್ನಾಯು. ಒಳಗಿನ ಪದರ ಹೊರಗ ಹಾಕಾಕ ಅದು ತನ್ನನ್ನ ತಾನ ಹಿಂಡ್ಕೊಂತದ. 'ಹಿಂಡು' ಅಂತ ಹೇಳೋ ರಸಾನೂ ಅಲ್ಲೇ ತಯಾರಾಗ್ತದ, ಪ್ರೊಸ್ಟಾಗ್ಲಾಂಡಿನ್ ಅಂತ. ನಿನ್ನಂಥವರಿಗಿ ಅದು ಜಾಸ್ತಿ. ಗುಳಗಿ ಯಾವಾಗ ತಗೋತಿ ಅಂದಿ?"

"ತಡಕೊಳ್ಳಾಕ ಆಗದಾಗ."

"ಏನ್ ಕೆಲಸ ನಿಂದು?"

"ಲಾರಿ ತೂಗೋ ಕಾಟಾದಾಗರಿ."

"ಲಾರಿ ತುಂಬಿದ ಮ್ಯಾಲ ಖಾಲಿ ತೂಕ ಹಿಡಿಯಾಕ ಬರ್ತದೇನು?"

"ಇಲ್ಲರಿ."

"ಹಂಗೇ ಇದು. ಗುಳಗಿ ಆ ರಸ ತಯಾರಾಗೋದನ್ನ ನಿಂದ್ರಸ್ತದ. ತಯಾರಾಗಿದ್ದನ್ನ ವಾಪಸ್ ತಗೊಳ್ಳಂಗಿಲ್ಲ. ಮೊದಲನೇ ಸುಳಿವಿಗೇ ತಗೋಬೇಕು. ಏನರ ತಿಂದು, ತುಂಬ ನೀರು ಕುಡದು. ಆಮ್ಯಾಲ ಎಂಟೆಂಟು ತಾಸಿಗಿ ಒಂದು, ಎರಡ ದಿನ ಅಷ್ಟ. ಹೊಟ್ಟಿಗಿ ಕಾವು ಕೊಡು. ಆದಷ್ಟು ಓಡಾಡು. ಮೂರು ತಿಂಗಳ ಹಿಂಗ ಮಾಡಿಯೂ ಕಡಿಮಿ ಆಗಲಿಲ್ಲಂದ್ರ, ಇಲ್ಲಾ ಬ್ಯಾರೆ ದಿನಾನೂ ನೋವು ಬಂತಂದ್ರ, ಬಾ. ಸ್ಕ್ಯಾನ್ ಮಾಡಿ ನೋಡಬೇಕಾಗ್ತದ."

"ಮದುವಿ ಆದ್ರ ಹೋಗ್ತದ ಅಂತಿದ್ದಳು ಅಮ್ಮಿ."

"ಮದುವಿ ಗುಳಗಿ ಅಲ್ಲವ್ವ" ಎಂದು ಚೀಟಿ ಬರೆದರು.

ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಫೆಬ್ರುವರಿ 5ರಂದು ಮಾತ್ರೆಯಲ್ಲಿ ಗುಣವಿಲ್ಲ ಎಂದು ಬರೆದಿದ್ದೇನೆ. ಅದನ್ನು ಹೊಡೆದು ಹಾಕುವುದಿಲ್ಲ. ಆ ದಿನ ನನಗೆ ಗೊತ್ತಿದ್ದದ್ದು ಅಷ್ಟೇ. ಅಮ್ಮಿಗೂ ಅಷ್ಟೇ ಗೊತ್ತಿತ್ತು.


ಮಾರ್ಚ್ 17, ಸೋಮವಾರ

ಇಪ್ಪತ್ತಾರು ದಿನ ಕೂಡಿಸಿದರೆ ಮಾರ್ಚ್ 29, ಶನಿವಾರ. ಇಪ್ಪತ್ತೆಂಟನೇ ರೋಜಾ. ಮೊದಲ ಸುಳಿವಿಗೇ ತಿನ್ನಬೇಕು, ಕುಡಿಯಬೇಕು. ಅಂದರೆ ಹಗಲು ಹತ್ತರ ಸುಮಾರಿಗೆ, ಗಾಜಿನ ಕ್ಯಾಬಿನ್ನಿನಲ್ಲಿ, ನನಗಾಗಿ ತಮ್ಮ ಚಹಾ ಅಡಗಿಸಿಡುವ ಇಷ್ಟು ಜನರ ಎದುರು.

ಶಾಸ್ತ್ರದ ಪ್ರಕಾರ ಇದರಲ್ಲಿ ತಪ್ಪಿಲ್ಲ, ಗೊತ್ತು. ಆದರೆ ನಾನು ನೀರು ಕುಡಿದರೆ ಅದು ಬರೀ ನೀರು ಕುಡಿದಂತಲ್ಲ. ಯಾಕೆ ಕುಡಿದೆ ಎಂದು ಗಟ್ಟಿಯಾಗಿ ಕೂಗಿದಂತೆ.


ಮಾರ್ಚ್ 24, ಸೋಮವಾರ

ಸಿದ್ಧಲಿಂಗ ಬಂದು ವರ್ಷಾಂತ್ಯದ ಸ್ಟಾಕ್ ತೂಕ ಇದೇ ಶನಿವಾರ ಎಂದರು. ಯಾರ್ಡಿನ ಕಲ್ಲೆಲ್ಲ ಕಾಟಾದ ಮೇಲೆ ಹೋಗಬೇಕು. ಮಾಲಕರೂ ಬರುತ್ತಾರೆ.

"ರಜಾ ಗಿಜಾ ಇಲ್ಲರಿ ಮೇಡಂ ಅವತ್ತ. ತಪ್ಪಂತೂ ಆಗಲೇಬಾರದು. ಮಾಲಕರ ಸಂಬಂಧಿಕರ ಹುಡುಗಿ ಒಬ್ಬಾಕಿ ಕಂಪ್ಯೂಟರ್ ಕಲ್ತು ಕುಂತಾಳಂತ. ನಾ ಇಷ್ಟ ಹೇಳ್ತೀನಿ."

"ಬರ್ತೀನ್ರಿ."

ದಿನಾಂಕವನ್ನು ಅವರು ಆರಿಸಿದ್ದಲ್ಲ, ನಾನೂ ಆರಿಸಿದ್ದಲ್ಲ.


ಮಾರ್ಚ್ 28, ಶುಕ್ರವಾರ

ಬಿಳಿ ಗೆರೆಯ ಫರ್ಸಿ ತುಂಡು ಇನ್ನೂ ಕ್ಯಾಬಿನ್ನಿನ ಹಿಂದೆಯೇ ಬಿದ್ದಿತ್ತು. ಸಿದ್ಧಲಿಂಗರನ್ನು ಕೇಳಿ ಮನೆಗೆ ತಂದೆ. ಅಂಗಳದ ಕಟ್ಟೆಯ ಮೇಲೆ ಇಡುವಾಗ ಅಬ್ಬಾ ನೋಡಿದರು.

"ಏನದು?"

"ಕಲ್ಲು, ಅಬ್ಬಾ."

"ನಲವತ್ತು ವರ್ಷ ತಂದಿದ್ದು ಸಾಲಲಿಲ್ಲೇನು ಈ ಮನಿಗಿ?"

"ಇಲ್ಲಿ ಇರ್ಲಿ. ಬಿಸಿಲಿಗಿ ಕಾಯಬೇಕು ಅದು."

ಕೈಗೆತ್ತಿಕೊಂಡರು. ಹೆಬ್ಬೆರಳನ್ನು ಅಂಚಿನುದ್ದಕ್ಕೂ ಎಳೆದು ಮೂಲೆಯಲ್ಲಿ ನಿಲ್ಲಿಸಿದರು. "ಮಷೀನಿನ ಕೆಲಸ. ಕೊಯ್ದು ಬಿಟ್ಟಾರ, ಅಂಚು ತೆಗದಿಲ್ಲ" ಎಂದು ಬೈದು ಮತ್ತೆ ಕಟ್ಟೆಯ ಮೇಲೆ ಇಟ್ಟರು. ಕೆಮ್ಮು ಬಂತು.


ಮಾರ್ಚ್ 29, ಶನಿವಾರ

ಸಹರಿ ಮಾಡಿ ರೋಜಾ ಹಿಡಿದೇ ಹೊರಟಿದ್ದೆ. ಚೀಲದಲ್ಲಿ ಎರಡು ಚಪಾತಿ, ಆಲೂಗಡ್ಡೆ ಪಲ್ಯ, ನೀರು, ಮಾತ್ರೆ. ಒಂಬತ್ತೂ ಇಪ್ಪತ್ತಕ್ಕೆ ಸೊಂಟದಲ್ಲಿ ಒಂದು ಎಳೆತ. ಶೆಡ್ಡಿನ ಹಿಂದಿನ ಶೌಚಾಲಯಕ್ಕೆ ಹೋಗಿ ಖಚಿತ ಮಾಡಿಕೊಂಡೆ. ರೋಜಾ ಅಲ್ಲಿಗೆ ಮುಗಿಯಿತು. ಮರಳುವಾಗ ಕಾಟಾದ ಮುಂದೆ ಆರು ಲಾರಿ ಸಾಲಾಗಿದ್ದವು.

ಅಮ್ಮಿ ಕಲಿಸಿದಂತೆ ದುಪಟ್ಟಾ ಮುಂದಕ್ಕೆಳೆದು ಮೇಜಿನ ಕೆಳಗೆ ಬಗ್ಗಿ ಡಬ್ಬಿ ತೆರೆದೆ. ಅಲ್ಲಿಂದ ಕೆಂಪು ಅಂಕಿಗಳು ಕಾಣುವುದಿಲ್ಲ. ಲಾರಿ ಕಾಟಾಕ್ಕೆ ಹತ್ತಿದ್ದು ನೆಲ ಅದುರಿದ್ದರಿಂದ ಗೊತ್ತಾಯಿತು, ತೂಕ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. ಎಷ್ಟು ಹೊತ್ತು ಎಂದು ಬರೆದುಕೊಂಡಿಲ್ಲ.

ಆಮೇಲೆ ಎದ್ದು ಕುರ್ಚಿಯಲ್ಲಿ ಕೂತು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅಂಕಿ ನೋಡುತ್ತ ತಿಂದೆ. ಒಂದು ಚಪಾತಿ ಮುಗಿಸಿದೆ. ಮಾತ್ರೆ ನುಂಗಿದೆ. ಬಾಟಲಿ ಎತ್ತಿ ಕುಡಿದೆ.

ಕಾಟಾದ ಮೇಲಿದ್ದದ್ದು ಅಬ್ರಾರನ ಲಾರಿ. ಅವನ ಸೀಟು ಸರಿಯಾಗಿ ನನ್ನ ಕಿಟಕಿಯ ಎತ್ತರಕ್ಕೇ ಬರುತ್ತದೆ. ನೋಡಿದ. ಮುಖ ತಿರುಗಿಸಿ ಎದುರಿನ ಗೇಟನ್ನು ನೋಡುತ್ತ ಕೂತ. ಚೀಟಿಗೆ ಇಳಿದು ಬಂದಾಗ ಕೈಯಲ್ಲಿ ತುಂಬಿದ ಬಾಟಲಿಯೊಂದಿತ್ತು. ಒಣಗಿದ ತುಟಿ ಅವನದು.

"ಮೇಡಂ, ನಿಮ್ಮ ಬಾಟ್ಲ್ಯಾಗ ನೀರು ತಳಾ ಕಂಡಾವ. ಇದು ಗಾಡ್ಯಾಗ ಸುಮ್ನ ಬಿದ್ದದ. ಸಂಜಿ ತನಾ ನನಗಂತೂ ಬ್ಯಾಡ."

ಕಿಟಕಿಯಲ್ಲಿ ಇಟ್ಟು ಹೋದ.

ಹತ್ತು ನಿಮಿಷಕ್ಕೆ ಸಿದ್ಧಲಿಂಗ ಬಂದರು. ಡಬ್ಬಿ ನೋಡಿದರು, ಬಾಟಲಿ ನೋಡಿದರು.

"ರೋಜಾ ಬಿಟ್ರೇನ್ರಿ ಮೇಡಂ?"

ಏನೂ ಇಲ್ಲರಿ ಎನ್ನುವ ಮಾತು ಬಾಯಿಯ ತನಕ ಬಂದಿತ್ತು. "ಇವತ್ತಿಂದ ಆರೇಳು ದಿನ ನನಗ ರೋಜಾ ಇಲ್ಲರಿ. ತಿಂಗಳ ತ್ರಾಸ. ಫೆಬ್ರುವರಿಯಾಗ ತಪ್ಪಾಗಿದ್ದೂ ಇದಕ್ಕೇ. ಗುಳಗಿ ತಗೊಂಡೀನಿ. ತೂಕ ಸರಿ ಬರ್ತಾವ."

ಅವರ ಕಿವಿ ಕೆಂಪಾಯಿತು. ಕಂಪ್ಯೂಟರನ್ನೊಮ್ಮೆ, ಛಾವಣಿಯನ್ನೊಮ್ಮೆ ನೋಡಿದರು. "ನಮ್ಮ ಮನ್ಯಾಗೂ ಇಬ್ಬರು ಹೆಣ್ಣಮಕ್ಕಳು ಅದಾರರಿ" ಎಂದರು ಕೊನೆಗೆ. ಹೊರಟವರು ಬಾಗಿಲಲ್ಲಿ ತಿರುಗಿದರು. "ಹಂಗಾರ ನಾನೂ ಇವತ್ತ ಇಲ್ಲೇ ಚಾ ಕುಡೀಲೇನ್ರಿ? ಆ ಶೆಡ್ ಹಿಂದ ನಿಂತು ನಿಂತು ತಿಂಗಳಾತು, ಕೆಸರಿಗಿ ಚಪ್ಪಲ್ ಹಾಳಾಗ್ಯಾವ."

ಎರಡು ಕಪ್ ಬಂತು.

ನೋವು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬಂದು ಕ್ಯಾಬಿನ್ನಿನ ಮೂಲೆಯಲ್ಲಿ ಕೂತ ನೆಂಟನ ಹಾಗೆ ಇತ್ತು. ಹನ್ನೆರಡಕ್ಕೆ ಅಮೃತಮ್ಮ ಬೇರೊಂದು ಬಿಸಿ ಫರ್ಸಿ ತಂದು, ಈ ಸಲ ಸಿಮೆಂಟ್ ಚೀಲದಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟಳು. "ಟವೆಲ್ ಕೊಟ್ರ ಮತ್ತ ಒಗದು ಕೆಡಸ್ತಿ" ಎಂದಳು.

ನಲವತ್ತೊಂದು ಲಾರಿ. ಎಂಬತ್ತೆರಡು ತೂಕ. ಸಂಜೆ ಮಾಲಕರು ಪಟ್ಟಿ ನೋಡಿ ಏನೂ ಹೇಳದೆ ಕಾರು ಹತ್ತಿದರು. ಸಿದ್ಧಲಿಂಗ, "ಏನೂ ಅನ್ನಲಿಲ್ಲಂದ್ರ ಛಲೋ ಅಂತ ಅರ್ಥ. ಏಪ್ರಿಲ್‌ಗೂ ನೀವ ಕುಂದ್ರಿ" ಎಂದರು.


ಮಾರ್ಚ್ 30, ಭಾನುವಾರ

ಸಹರಿಗೆ ಎದ್ದು ಒಂದೇ ತಾಟು ಇಟ್ಟೆ. ಯೋಚಿಸಿ ಮಾಡಿದ್ದಲ್ಲ, ಕೈ ಒಂದನ್ನೇ ತೆಗೆದುಕೊಂಡಿತು. ಅಬ್ಬಾ ತಾಟಿನ ಮುಂದೆ ಕೂತು, ನನ್ನ ಜಾಗ ನೋಡಿದರು.

"ನೀ ಯಾಕ ಎದ್ದಿ ಹಂಗಾರ? ನಾ ಹಾಕ್ಕೊಂಡು ತಿಂತಿದ್ದೆ. ಮಲ್ಕೊ ಹೋಗು."

ಹೋಗಿ ಮಲಗಿದೆ. ಎಂಟರ ತನಕ ನಿದ್ದೆ. ಎಂಟೂವರೆಗೆ ಅಡುಗೆಮನೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡೇ ರೊಟ್ಟಿ ತಿಂದು ಮಾತ್ರೆ ತೆಗೆದುಕೊಂಡೆ. ಕಾದಂಬರಿಯ ಕೊನೆಯ ಎಂಬತ್ತು ಪುಟ ಮುಗಿಸಿದೆ. ನಾಯಕಿ ಹಿಮದಲ್ಲಿ ನಡೆದು ಹೋಗುತ್ತಾಳೆ. ಕೊನೆಯವರೆಗೂ ಅವಳು ಮುಟ್ಟಾಗಲೇ ಇಲ್ಲ.

ಮಧ್ಯಾಹ್ನ ಹಿತ್ತಲಿನಿಂದ ಉಜ್ಜುವ ಸದ್ದು ಬರುತ್ತಿತ್ತು. ತುಂಬ ಹೊತ್ತು, ನಡುನಡುವೆ ಕೆಮ್ಮು. ಹಬ್ಬಕ್ಕೆ ಅಬ್ಬಾ ಚಾಕು ಮಸೆಯುತ್ತಿರಬೇಕು.

ಸಂಜೆ ಚಂದ್ರ ಕಂಡ.


ಮಾರ್ಚ್ 31, ಸೋಮವಾರ

ಈದ್. ಶೀರ್ ಖುರ್ಮಾಕ್ಕೆ ಬಾದಾಮಿ ಹೆಚ್ಚುವಾಗ ಚಾಕು ಮೊಂಡಾಗಿಯೇ ಇತ್ತು. ಅಮೃತಮ್ಮನಿಗೆ ಒಂದು ಡಬ್ಬಿ ತುಂಬಿಟ್ಟಿದ್ದೇನೆ, ನಾಳೆ ಒಯ್ಯಬೇಕು. ಅಬ್ಬಾ ನಮಾಜು ಮುಗಿಸಿ ಬಂದು, ಕುಡಿದು, ಸಕ್ಕರೆ ಕಡಿಮೆ ಎಂದರು. ಬಟ್ಟಲು ಹಿಡಿದ ಬೆರಳುಗಳ ಉಗುರು ಸಂದಿಯಲ್ಲಿ ಬೂದು ಪುಡಿ ಇತ್ತು.

ಹಿಡಿಯಬೇಕಾದ ರೋಜಾ: ಮಾರ್ಚ್ 3ರಿಂದ ಆರು, ಈಗಿನದು ಎರಡು. ಒಟ್ಟು ಎಂಟು.

ಸಂಜೆ ಕಟ್ಟೆಯಿಂದ ಕಲ್ಲು ತರಲು ಹೋದೆ. ಬಿಸಿಯಾಗಿತ್ತು. ಕೈಗೆತ್ತಿಕೊಂಡಾಗ ಬೇರೆ ಕಲ್ಲು ಎನಿಸಿತು. ಬೇರೆಯಲ್ಲ, ಬಿಳಿ ಗೆರೆ ಅದೇ. ನಾಲ್ಕು ಮೂಲೆಗಳೂ ದುಂಡಗಾಗಿವೆ. ಅಂಚುಗಳನ್ನು ಸುತ್ತಲೂ ಉಜ್ಜಲಾಗಿದೆ. ಕೆನ್ನೆಗೆ ಒತ್ತಿ ಸುತ್ತ ತಿರುಗಿಸಿ ನೋಡಿದೆ. ಎಲ್ಲಿಯೂ ಗೀರಲಿಲ್ಲ.

ಇಂದು ಮೂರನೆಯ ದಿನ, ನೋವಿಲ್ಲ. ಆದರೂ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದೇನೆ. ಟವೆಲ್ ಸುತ್ತಿಲ್ಲ.